ಒಂದನೇ ನಂಬರಿನ ಅಚ್ಚು

ನಮ್ಮ ಭಾವನ ಅಂಗಡಿಗೆ ಹೋದವರನ್ನು ಮೊದಲು ಎದುರುಗೊಳ್ಳುವುದು ಭಾವನಲ್ಲ, ಮುನ್ನೂರು ಜೊತೆ ಮರದ ಪಾದಗಳು. ಮೂರು ಗೋಡೆಗೂ ಹಲಗೆ ಹೊಡೆದು, ಬೆರಳಿನ ಕಡೆ ಹೊರಗೆ ಮಾಡಿ ಸಾಲಾಗಿ ನಿಲ್ಲಿಸಿದ್ದಾರೆ. ನೋಡಿದರೆ ಕಣ್ಣಿಗೆ ಕಾಣದ ಮುನ್ನೂರು ಮಂದಿ ಗೋಡೆಯೊಳಗಿಂದ ನಡೆದು ಬರುತ್ತಿರುವ ಹಾಗೆ ಅನ್ನಿಸುತ್ತದೆ. ಭಾವನ ಹತ್ತಿರ ಬೂಟು ಹೊಲಿಸಿಕೊಂಡ ಪ್ರತಿಯೊಬ್ಬರ ಪಾದದ ಅಳತೆಗೂ ಒಂದು ಜೊತೆ ಮರದ ಅಚ್ಚು, ಅದರ ಹಿಮ್ಮಡಿಯ ಮೇಲೆ ಒಂದು ನಂಬರು. ಭಾವ ಊರಿನ ಜನರನ್ನು ಗುರುತಿಸುವುದೇ ಈ ನಂಬರಿನಿಂದ. ಬ್ಯಾಂಕಿನ ಮ್ಯಾನೇಜರು ಟೈ ಸರಿಮಾಡಿಕೊಂಡು ಬಂದು ನಮಸ್ಕಾರ ಅಂದರೆ ಇವರು ಮುಖ ನೋಡುವುದಿಲ್ಲ. ಕಾಲು ನೋಡಿ, "ಓಹೋ, ನೂರ ನಲವತ್ತೆರಡು! ಎಡಗಾಲಿನ ಕಿರುಬೆರಳು ಹೇಗಿದೆ?" ಅನ್ನುತ್ತಾರೆ. ಮ್ಯಾನೇಜರು ಸಾಲ ಕೇಳಲು ಬಂದವರ ಹಾಗೆ ಕೈಕಟ್ಟಿಕೊಂಡು ಕಿರುಬೆರಳಿನ ಸಮಾಚಾರ ಒಪ್ಪಿಸುತ್ತಾರೆ.

ಅಚ್ಚು ಒಂದು ಸಲ ಕೆತ್ತಿದರೆ ಮುಗಿಯಲಿಲ್ಲ. ವಯಸ್ಸಾದಂತೆ ಪಾದ ಬದಲಾಗುತ್ತದೆ, ಎಲ್ಲೋ ಗಂಟು ಏಳುತ್ತದೆ, ಎಲ್ಲೋ ಕುಸಿಯುತ್ತದೆ. ಉಬ್ಬಿದ ಕಡೆ ಅಚ್ಚಿನ ಮೇಲೆ ತೆಳ್ಳನೆಯ ಚರ್ಮದ ತೇಪೆ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಖು ಬರೆಯಬೇಕು. ತಾರೀಖಿಲ್ಲದೆ ತೇಪೆ ಹಾಕುವವನು ಬೂಟಿನ ಕೆಲಸದವನೇ ಅಲ್ಲ, ಸೈಕಲ್ ಪಂಕ್ಚರಿನವನು ಎಂಬುದು ಭಾವನ ಖಚಿತ ಅಭಿಪ್ರಾಯ. ಅವರಿಗೆ ಖಚಿತವಲ್ಲದ ಅಭಿಪ್ರಾಯವೇ ಇಲ್ಲ. ಸಣ್ಣ ಸೈಜು ಹೇಳಿ ಚಂದ ಕಾಣಿಸಿಕೊಳ್ಳಲು ನೋಡಿದ ಹೆಂಗಸೊಬ್ಬರಿಗೆ, "ಅಮ್ಮಾ, ನಿಮ್ಮ ಬಾಯಿ ಐದು ಅನ್ನುತ್ತೆ, ಕಾಲು ಏಳು ಅನ್ನುತ್ತೆ. ನಾನು ಬೂಟು ಹೊಲಿಯೋದು ಬಾಯಿಗಲ್ಲ" ಅಂದುಬಿಟ್ಟಿದ್ದರು.

ಅಚ್ಚುಗಳಲ್ಲಿ ಒಂದನೇ ನಂಬರು ಭಾವನದೇ. ಅಂಗಡಿ ತೆರೆದ ವರ್ಷ, ಇಪ್ಪತ್ತಾರನೇ ವಯಸ್ಸಿನಲ್ಲಿ, ತಮ್ಮ ಪಾದಕ್ಕೆ ತಾವೇ ಕೆತ್ತಿಕೊಂಡದ್ದು. ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ಅದರ ಮೇಲೆ ತಮಗೊಂದು ಜೊತೆ ಬೂಟು ಹೊಲಿದು, ಅದನ್ನು ಹಾಕಿಕೊಂಡು ಬೀದಿಯಲ್ಲಿ ಒಂದು ಸುತ್ತು ಬರುತ್ತಿದ್ದರು. ಬೋರ್ಡು ಬರೆಸುವ ಖರ್ಚು ಉಳಿಯಿತು ಅನ್ನುತ್ತಿದ್ದರು.

ಆ ಒಂದನೇ ನಂಬರು ಮಾತ್ರ ಹಲಗೆಯ ಮೇಲೆ ಕಾಣಿಸದೆ ಎಷ್ಟೋ ವರ್ಷವಾಗಿತ್ತು. ಕೇಳಿದರೆ, "ಹುಳ ಹಿಡೀತಿತ್ತು, ಒಳಗಿಟ್ಟಿದೀನಿ" ಅನ್ನುತ್ತಿದ್ದರು. ಮುನ್ನೂರರಲ್ಲಿ ಒಂದನ್ನೇ ಹುಡುಕಿಕೊಂಡು ಬರುವ ಹುಳ ಯಾವುದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ಎಲ್ಲ ತಿಳಿದವನೆಂದು ಹೆಸರಾದವನು ಪ್ರಶ್ನೆ ಕೇಳುವುದು ಶೋಭೆಯಲ್ಲ.

ಆ ವರ್ಷಗಳಲ್ಲಿ ಭಾವನಿಗೆ ಕಾಯಿಲೆಯೇನೂ ಇರಲಿಲ್ಲ. ಬರೀ ತಾಪತ್ರಯಗಳಿದ್ದವು. ಗೊರಕೆ ಎಷ್ಟು ಜೋರಾಯಿತೆಂದರೆ ಅಕ್ಕ ಹಾಸಿಗೆ ಎತ್ತಿಕೊಂಡು ಅಡುಗೆಮನೆಗೆ ವಲಸೆ ಹೋದಳು. ಹಲ್ಲುಗಳ ನಡುವೆ ಸಂದು ಬಿತ್ತು. ಚಳಿಯಲ್ಲೂ ಅಂಗಿ ಒದ್ದೆಯಾಗುವಷ್ಟು ಬೆವರು. ಬೆಳಗ್ಗೆ ಎದ್ದರೆ ಬೆರಳು ಜೋಮು. ಉಂಗುರ ಬಿಗಿಯಾಗಿ ಕೊನೆಗೆ ಕತ್ತರಿಸಿ ತೆಗೆಯಬೇಕಾಯಿತು. ಗೊರಕೆಗೆ ಮೂಗಿನ ಡಾಕ್ಟರು ಡ್ರಾಪ್ಸ್ ಕೊಟ್ಟರು. ಹಲ್ಲಿನ ಡಾಕ್ಟರು ಸಂದಿಗೆ ಕಡ್ಡಿ ಬಳಸಬೇಡಿ ಅಂದರು. ಮೂಳೆ ಡಾಕ್ಟರು, ಸುತ್ತಿಗೆ ಹಿಡಿಯುವ ಕೈ ಜೋಮು ಹಿಡಿಯದೆ ಇನ್ನೇನು ಅಂತ ಮುಲಾಮು ಬರೆದರು. ಹೀಗೆ ಒಬ್ಬೊಬ್ಬರು ತಮ್ಮ ತಮ್ಮ ಪಾಲಿನ ತುಂಡನ್ನು ನೋಡಿ ಕಳಿಸಿದರು. ಇಡೀ ಭಾವನನ್ನು ಒಟ್ಟಿಗೆ ನೋಡಿದವರು ಒಬ್ಬರೂ ಇಲ್ಲ. ದಿನಾ ನೋಡುವ ನಾವೇನು ಮಾಡಿದೆವು? ಒಂದು ಮದುವೆಯಲ್ಲಿ ನಾನು ಎಲ್ಲರೆದುರು, "ಭಾವ ಬರೋದಕ್ಕೆ ಮುಂಚೆ ಭಾವನ ಮೂಗು ಬರುತ್ತೆ" ಅಂದೆ. ಎಲ್ಲರೂ ನಕ್ಕರು. ಭಾವನೂ ನಕ್ಕರು.

ಒಂದು ದಿನ ಮಧ್ಯಾಹ್ನ ಭಾವ ಗ್ರಂಥಾಲಯಕ್ಕೆ ಬಂದರು. ಬಂದವರು ಬಾಗಿಲ ಪಕ್ಕದ ಪತ್ರಿಕೆಗಳ ಕಪಾಟಿಗೆ ಎಡಭುಜ ಬಡಿದುಕೊಂಡು ನಾಲ್ಕು ವಾರಪತ್ರಿಕೆ ಉರುಳಿಸಿದರು. ಆ ಕಪಾಟು ಅಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ.

"ಸ್ವಲ್ಪ ಹೊರಗೆ ಬಾರೋ," ಅಂದರು. ದನಿ ಯಾವತ್ತಿನದಲ್ಲ.

ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ತಮ್ಮ ಬೂಟನ್ನೇ ನೋಡಿದರು. "ನನಗೆ ಬದಿ ಕಾಣ್ತಿಲ್ಲ ಕಣೋ."

"ಬದಿ ಅಂದ್ರೆ?"

"ಎದುರಿಗೆ ನೀನು ಕಾಣ್ತೀಯ. ನಿನ್ನ ಅಕ್ಕಪಕ್ಕ ಏನೂ ಇಲ್ಲ. ಕತ್ತಲೆಯೂ ಅಲ್ಲ, ಏನೂ ಇಲ್ಲ ಅಷ್ಟೆ. ಪಕ್ಕದಲ್ಲೇ ಇಟ್ಟ ಸುತ್ತಿಗೆಗೆ ಕೈ ತಡಕಾಡ್ತೀನಿ. ನಿನ್ನೆ ಒಂದು ಜೊತೆಗೆ ಚರ್ಮ ಕತ್ತರಿಸ್ತಾ ಇದ್ದೆ. ಅಂಚು ಅಂತ ಕತ್ತರಿಸಿದ್ದು ಅಂಚೇ ಅಲ್ಲ, ಅರ್ಧ." ಅಷ್ಟು ದೊಡ್ಡ ಕೈಯಿಂದ ಬೂಟಿನ ಮೇಲಿನ ಧೂಳು ಒರೆಸಿದರು. "ಕಣ್ಣು ಹೋದರೆ ನಾನು ಯಾರೋ? ನಿನ್ನ ಅಕ್ಕನಿಗೆ ಹೇಳಬೇಡ. ಹೇಳಿದರೆ ಕಾಲು ಮುರೀತೀನಿ."

ನನಗಾದ ಭಯಕ್ಕೆ ನಾನು ಮಾಡಿದ ಮೊದಲ ಕೆಲಸ ಪುಸ್ತಕ ತೆರೆದದ್ದು. ವೈದ್ಯಕೀಯದ ಕಪಾಟಿನ ಮುಂದೆ ಅರ್ಧ ಗಂಟೆ ನಿಂತು ಭಾವನಿಗೆ ಹದಿನಾಲ್ಕು ಕಾಯಿಲೆಗಳನ್ನೂ ನನಗೆ ಮೂರನ್ನೂ ಪತ್ತೆ ಮಾಡಿ ಪುಸ್ತಕ ಮುಚ್ಚಿದೆ. ಮರುದಿನ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದೆವು.

ಅವರು ಭಾವನ ಗದ್ದವನ್ನು ಒಂದು ಯಂತ್ರದ ಮೇಲಿಡಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಿ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಿ ಅಂದರು. ನಾನು ಹಿಂದೆ ನಿಂತು ಕಿವಿ ಕೊಟ್ಟೆ. ಟಕ್, ಟಕ್. ಆಮೇಲೆ ಬಹಳ ಹೊತ್ತು ಟಕ್ ಇಲ್ಲ. ಯಂತ್ರ ತನ್ನ ಪಾಡಿಗೆ ತಾನು ಗುಂಯ್ ಅನ್ನುತ್ತ ಬೆಳಕು ಬಿಡುತ್ತಿದೆ, ಭಾವ ಸುಮ್ಮನೆ ಕೂತಿದ್ದಾರೆ. "ಶುರುವಾಗಿಲ್ಲ ಅನ್ಸುತ್ತೆ" ಅಂದರು ಪಾಪ.

ಚಾರ್ಟು ಬಂತು. ಎಡಗಣ್ಣಿನ ಎಡಭಾಗ ಕಪ್ಪು, ಬಲಗಣ್ಣಿನ ಬಲಭಾಗ ಕಪ್ಪು.

"ಕಣ್ಣು ಚೆನ್ನಾಗಿದೆ," ಅಂದರು ಡಾಕ್ಟರು. ಭಾವನ ಮುಖ ಅರಳುವಷ್ಟರಲ್ಲಿ, "ತೊಂದರೆ ಕಣ್ಣಿನ ಹಿಂದೆ, ತಲೆಯೊಳಗಿದೆ. ಎರಡೂ ಕಣ್ಣಿನ ನರ ಒಟ್ಟಿಗೆ ಸೇರುವ ಜಾಗವನ್ನ ಏನೋ ಒತ್ತುತ್ತಾ ಇರೋ ಹಾಗಿದೆ" ಅಂದರು. ಭಾವನ ಕೈಯನ್ನು ತಿರುಗಿಸಿ ನೋಡಿದರು, ದವಡೆ ನೋಡಿದರು. "ನೀವು ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಬೇಕು. ಬೇಗ. ವಾರ ತಳ್ಳಬೇಡಿ." ಒಂದು ಪತ್ರ ಬರೆದು, ತುರ್ತು ಅನ್ನುವ ಮಾತಿನ ಕೆಳಗೆ ಎರಡು ಗೆರೆ ಎಳೆದು, ಚಾರ್ಟಿನ ಜೊತೆ ಲಕೋಟೆಗೆ ಹಾಕಿ ಕೊಟ್ಟರು.

ಆ ಎರಡು ಗೆರೆ ನಮ್ಮಿಬ್ಬರ ಎದೆಯ ಮೇಲೆ ಬಿದ್ದವು. ಬೀದಿಗೆ ಬಂದ ಮೇಲೆ ಭಾವ ಕೇಳಿದರು, "ಅದೇನೋ ಅಂದರಲ್ಲ, ಎಂಡೋ... ಏನದು?"

ನಾನು ಸಲೀಸಾಗಿ ಪೂರ್ತಿ ಹೇಳಿದೆ. ಅರ್ಥ ಗೊತ್ತಿಲ್ಲದ ಮಾತನ್ನು ತಪ್ಪಿಲ್ಲದೆ ಉಚ್ಚರಿಸುವುದು ನನಗೆ ಮೊದಲಿಂದ ಬಂದ ವಿದ್ಯೆ.

ಅರ್ಥ ಕೇಳಲು ಔಷಧದ ಅಂಗಡಿಗೆ ಹೋದೆವು. ಅಲ್ಲಿಯ ಯಜಮಾನರಿಗೆ ಬೀದಿಯವರು ಅರ್ಧ ಡಾಕ್ಟರು ಅಂತ ಹೆಸರಿಟ್ಟಿದ್ದಾರೆ. ಅದರಲ್ಲಿ ಅವಮಾನ ಇರುವುದು 'ಅರ್ಧ' ಅನ್ನುವಲ್ಲಿ ಮಾತ್ರ ಎಂದು ಅವರ ತಿಳಿವಳಿಕೆ.

"ಅದು ಸಕ್ಕರೆ ಕಾಯಿಲೆ ಡಾಕ್ಟರು," ಅಂದರು ಅರ್ಧ ಡಾಕ್ಟರು, ಪತ್ರ ನೋಡದೆ.

"ನನಗೆ ಸಕ್ಕರೆ ಕಾಯಿಲೆ ಇಲ್ವಲ್ಲ," ಅಂದರು ಭಾವ.

"ಇರುತ್ತೆ. ಇಲ್ಲದಿದ್ದರೆ ಯಾಕೆ ಕಳಿಸ್ತಾರೆ? ಇಲ್ಲಾಂದ್ರೆ ಥೈರಾಯ್ಡು. ಅದು ಹೆಂಗಸರಿಗೆ. ಇನ್ನು ಮಕ್ಕಳಾಗದೇ ಇರೋರೂ ಹೋಗ್ತಾರೆ." ಸ್ವಲ್ಪ ಬಗ್ಗಿ ದನಿ ತಗ್ಗಿಸಿ, "ಆ ತರಹ ಏನಾದರೂ?"

"ನನ್ನ ಮಗಳಿಗೇ ಮದುವೆಯಾಗಿದೆ ಕಣಯ್ಯ!" ಅಂತ ಭಾವ ಗುಡುಗಿದರು. ಕ್ಯೂನಲ್ಲಿದ್ದ ಆರು ಮಂದಿಗೂ ವಿಷಯ ತಲುಪಿತು.

ಆದರೂ ಅರ್ಧ ಡಾಕ್ಟರು ಹೇಳಿದ ಮೂರಕ್ಕೂ ನಂಟೊಂದಿತ್ತು. ಅದನ್ನು ನಾವು ತಿಳಿದದ್ದು ಆಮೇಲೆ. ಸದ್ಯಕ್ಕೆ ದೊಡ್ಡಾಸ್ಪತ್ರೆಗೆ ಫೋನು ಮಾಡಿದರೆ, ಅಂಥವರು ಇಲ್ಲಿ ಒಬ್ಬರೇ ಇರುವುದು, ಮೂರು ತಿಂಗಳವರೆಗೆ ಜಾಗ ಇಲ್ಲ ಅಂದರು. ಮೂರು ತಿಂಗಳು ಅಂದದ್ದೇ ಭಾವನ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಹೆದರಿದವನಿಗೆ ಮುಂದೂಡಿಕೆಗಿಂತ ಒಳ್ಳೆಯ ಔಷಧವಿಲ್ಲ. ನನಗೂ ನೆಮ್ಮದಿಯಾಯಿತು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು: ಹಾರ್ಮೋನು ತಜ್ಞರು. ಕೆಳಗೆ ಸಣ್ಣಕ್ಷರದಲ್ಲಿ ಕೂದಲು, ತೂಕ, ಎತ್ತರ, ಮುಖದ ಕಾಂತಿ. ಒಳಗೆ ಜಾಗ ಕೂಡಲೇ ಸಿಕ್ಕಿತು. ತಜ್ಞರು ಭಾವನ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿ, "ಶಕ್ತಿ ಸೋರ್ತಾ ಇದೆ. ಗಾಬರಿ ಬೇಡ. ಆರು ವಾರದ ಪುಡಿ" ಅಂದರು. ಭಾವನಿಗೆ ಪರಮಾನಂದ. ಅಷ್ಟು ದಿನದಲ್ಲಿ ಗಾಬರಿ ಬೇಡ ಅಂದವರು ಇವರೊಬ್ಬರೇ.

ಪುಡಿ ಕಟ್ಟಿಸಿಕೊಳ್ಳುವಾಗ ಭಾವ ಲಕೋಟೆ ಮುಂದಿಟ್ಟರು. "ಸಾರ್, ಕಣ್ಣಿನ ಚಾರ್ಟು ಇದೆ, ನೋಡ್ತೀರಾ?"

"ನಾನು ಕಾಗದ ನೋಡಲ್ಲ, ಮನುಷ್ಯನ್ನ ನೋಡ್ತೀನಿ."

ಮೆಟ್ಟಿಲಿಳಿಯುವಾಗ ಭಾವ ಅರ್ಧಕ್ಕೆ ನಿಂತರು. ಗೋಡೆ ಹಿಡಿದುಕೊಂಡು, ಕೈಯಲ್ಲಿದ್ದ ಪೊಟ್ಟಣವನ್ನು ದಿಟ್ಟಿಸಿ ನೋಡಿದರು. "ಅಳತೇನೇ ತಗೊಳ್ಳಲಿಲ್ಲವಲ್ಲೋ ಅವನು. ಅಳತೆ ತಗೊಳ್ಳದೆ ಹೊಲಿಯೋನ ಹತ್ತಿರ ನಾನು ಚಪ್ಪಲಿ ಕೂಡ ತಗೊಳ್ಳಲ್ಲ." ಪೊಟ್ಟಣವನ್ನು ಮೆಟ್ಟಿಲ ಮೇಲೇ ಬಿಟ್ಟರು. ಮುಂದಿನ ಮೆಟ್ಟಿಲು ಕಾಣದೆ ಮುಗ್ಗರಿಸಿದರು, ನಾನು ತೋಳು ಹಿಡಿದೆ.

ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದ ಮೇಲೆ ನಾವು ಮಾಡಿದ್ದ ದಡ್ಡತನ ತಿಳಿಯಿತು. ಫೋನಿನಲ್ಲಿ ನಾನು ಲಕೋಟೆಯ ವಿಷಯವನ್ನೇ ಎತ್ತಿರಲಿಲ್ಲ. ಅವರು ನಮ್ಮೆದುರೇ ದೊಡ್ಡಾಸ್ಪತ್ರೆಗೆ ಫೋನು ಮಾಡಿ ಎರಡು ನಿಮಿಷ ಮಾತಾಡಿದರು. ಮೂರು ತಿಂಗಳು ಮೂರು ದಿನವಾಯಿತು. ಎರಡು ಗೆರೆಗೆ ಅಷ್ಟು ಬೆಲೆ ಇತ್ತು, ನಾವು ಅದನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತಿದ್ದೆವು.

ಹೊರಡುವ ದಿನ ಬಾಗಿಲಲ್ಲಿ ಅಕ್ಕ ಚೀಲ ಹಿಡಿದು ಸಿದ್ಧವಾಗಿ ನಿಂತಿದ್ದಳು. ಭಾವ ನನ್ನ ಕಡೆ ಉರಿಗಣ್ಣು ಬಿಟ್ಟರು.

"ಅವನನ್ನ ಯಾಕೆ ನೋಡ್ತೀರಿ? ಅವನೇನೂ ಹೇಳಿಲ್ಲ," ಅಂದಳು ಅಕ್ಕ. "ಎರಡು ತಿಂಗಳಿಂದ ನೀವು ಎಡಗಡೆ ಇಟ್ಟ ಲೋಟ ಬಿಟ್ಟು ಬಲಗಡೆ ಹುಡುಕ್ತೀರಿ. ನಿಮ್ಮ ಕಣ್ಣು ಹೋಗಿರಬಹುದು, ನನ್ನದು ಇದೆ."

ಎಂಡೋಕ್ರೈನಾಲಜಿಸ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತವರನ್ನು ನೋಡಿ ನನಗೆ ಇನ್ನಷ್ಟು ದಿಗಿಲಾಯಿತು. ಕಣ್ಣುಗುಡ್ಡೆ ಮುಂದೆ ಬಂದ, ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದ ತೆಳ್ಳನೆಯ ಹುಡುಗಿ. ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಪಕ್ಕದವರಿಗೆ ಉತ್ಸಾಹದಿಂದ ವಿವರಿಸುತ್ತಿದ್ದ ನಿವೃತ್ತ ಡ್ರೈವರು. ವಯಸ್ಸಿಗೆ ತಕ್ಕ ಎತ್ತರ ಬಾರದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ. ಮುಖ ಚಂದ್ರನ ಹಾಗೆ ಊದಿಕೊಂಡ, ಮೈಯೆಲ್ಲ ಕಂದಿದ ಗುರುತಿದ್ದ ಹೆಂಗಸು. ಇವರಲ್ಲಿ ಒಬ್ಬರ ಕಾಯಿಲೆ ಇನ್ನೊಬ್ಬರದನ್ನು ಹೋಲುವುದಿಲ್ಲ. ಒಬ್ಬ ಡಾಕ್ಟರಿಗೆ ಇವರೆಲ್ಲ ಹೇಗೆ ಗಿರಾಕಿಗಳು?

"ಯಾವುದು ನಿಮ್ಮದು?" ಅಂತ ಡ್ರೈವರು ಭಾವನನ್ನು ಕೇಳಿದರು, ಯಾವ ರೂಟಿನ ಬಸ್ಸು ಅನ್ನುವ ಹಾಗೆ.

"ನನ್ನದು ಏನೂ ಇಲ್ಲ. ಸುಮ್ಮನೆ ಬಂದೆ," ಅಂದರು ಭಾವ.

ಡಾಕ್ಟರು ಸಣ್ಣಗಿನ ಹೆಂಗಸು, ಭಾವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಚಾರ್ಟು ನೋಡಿದರು, ದಪ್ಪ ಫೈಲಿನ ಒಂದೊಂದು ಹಾಳೆಯನ್ನೂ ತಿರುವಿದರು. ಆಮೇಲೆ, "ಬೂಟು ಬಿಚ್ಚಿ" ಅಂದರು.

ಯಾವ ಡಾಕ್ಟರೂ ಅದುವರೆಗೆ ಭಾವನಿಗೆ ಆ ಮಾತು ಹೇಳಿರಲಿಲ್ಲ. ಭಾವ ಬಗ್ಗಿ ದಾರ ಬಿಚ್ಚಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಹೊಸ ಜೊತೆ ಹೊಲಿಯಬಹುದಿತ್ತು.

"ಕಾಲಿನ ಸೈಜು ಹೆಚ್ಚಾಗಿದೆಯಾ?"

"ಇಲ್ಲ."

"ಉಂಗುರ ಹಾಕೋದಿಲ್ವಾ?"

"ಕಳೆದುಹೋಯ್ತು."

ಅಕ್ಕ ನೆಲ ನೋಡಿದಳು. ನಾನು ಚಾವಣಿ ನೋಡಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಿ, ನಿಮ್ಮ ಅಂಗಡಿಯಲ್ಲಿ ಹೇಳೋ ಹಾಗೆ ಹೇಳ್ತೀನಿ. ಮೂಗಿನ ಹಿಂದೆ, ತಲೆಯ ಬುಡದಲ್ಲಿ ಬಟಾಣಿ ಗಾತ್ರದ ಒಂದು ಗ್ರಂಥಿ ಇದೆ, ಪಿಟ್ಯುಟರಿ ಅಂತ. ಕತ್ತಿನಲ್ಲಿ ಥೈರಾಯ್ಡ್, ಮೂತ್ರಪಿಂಡದ ಮೇಲೆ ಒಂದು ಜೊತೆ, ಹೀಗೆ ಮೈಯಲ್ಲಿ ಬೇರೆ ಬೇರೆ ಗ್ರಂಥಿ ಇದಾವೆ. ಅವು ರಕ್ತದಲ್ಲಿ ಹಾರ್ಮೋನು ಬಿಟ್ಟು, ಬೆಳಿ, ನಿಲ್ಲು, ಸಕ್ಕರೆ ಸುಡು, ಉಪ್ಪು ಉಳಿಸು ಅಂತ ಮೈಗೆ ಆಜ್ಞೆ ಕೊಡ್ತಾವೆ. ಅವುಗಳಲ್ಲಿ ಎಷ್ಟೋ ಗ್ರಂಥಿಗಳಿಗೆ ಈ ಬಟಾಣಿಯೇ ಮೇಸ್ತ್ರಿ. ಆಜ್ಞೆ ಹೆಚ್ಚಾದಾಗ, ಕಮ್ಮಿಯಾದಾಗ ನೋಡೋದು ನನ್ನ ಕೆಲಸ. ಹೊರಗೆ ಕೂತಿರೋ ಎಲ್ಲರದ್ದೂ ಅದೇ ಕಥೆ, ಗ್ರಂಥಿ ಬೇರೆ. ನಿಮ್ಮ ಮೇಸ್ತ್ರಿಯೊಳಗೆ ಒಂದು ಗಡ್ಡೆ ಬೆಳೆದಿರಬಹುದು ಅಂತ ನನಗೆ ಅನುಮಾನ. ಬೆಳಿ, ಬೆಳಿ ಅಂತ ಕೂಗ್ತಾನೇ ಇದೆ. ದೊಡ್ಡವರಲ್ಲಿ ಎತ್ತರ ಬೆಳೆಯೋಕ್ಕಾಗಲ್ಲ. ಕೈ, ಕಾಲು, ದವಡೆ, ಮೂಗು, ನಾಲಿಗೆ ಬೆಳೆಯುತ್ತೆ."

ಮೂಗು ಅಂದಾಗ ನಾನು ನನ್ನ ಚಪ್ಪಲಿಯೊಳಗೆ ಹೊಕ್ಕು ಕೂರುವ ಹಾಗಿದ್ದರೆ ಕೂರುತ್ತಿದ್ದೆ.

"ಗಡ್ಡೆ ಅಂದ್ರೆ..." ಅಂದರು ಭಾವ.

"ನೀವು ಅಂದುಕೊಳ್ತಿರೋದಲ್ಲ. ಇಂಥವು ಹೆಚ್ಚುಕಮ್ಮಿ ಯಾವತ್ತೂ ಕ್ಯಾನ್ಸರ್ ಆಗಿರಲ್ಲ. ಆದರೆ ಕಣ್ಣಿನ ನರ ಒತ್ತುತ್ತಾ ಇದ್ದರೆ ಕಾಯೋ ಹಾಗಿಲ್ಲ. ಬಿಟ್ಟರೆ ಕಣ್ಣು ಹೋಗಬಹುದು. ರಕ್ತ, ಸ್ಕ್ಯಾನು ಇದೆಲ್ಲ ಹೇಳುತ್ತೆ. ಎಷ್ಟು ವರ್ಷದಿಂದ ಅಂತ ಮಾತ್ರ ಹೇಳಲ್ಲ. ಅದು ಗೊತ್ತಾದರೆ ಹೃದಯ, ಕರುಳು, ಕೀಲು ಎಷ್ಟು ಹುಷಾರಾಗಿ ನೋಡಬೇಕು ಅಂತ ನನಗೆ ತಿಳಿಯುತ್ತೆ. ಹಳೇ ಫೋಟೋ ಇದೆಯಾ?"

"ಮನೆಯಲ್ಲಿ ಒಂದಿತ್ತು. ಗೋಡೆಯಿಂದ ತೆಗೆದುಬಿಟ್ಟಿದ್ದಾಳೆ," ಅಂದರು ಭಾವ, ಅಕ್ಕನ ಕಡೆ ತಿರುಗದೆ. "ನನ್ನ ಮುಖ ನೋಡೋಕೆ ನಾಚಿಕೆ ಅಂತ ಕಾಣುತ್ತೆ."

ಅಕ್ಕ ಚೀಲದಿಂದ ಬಟ್ಟೆ ಸುತ್ತಿದ ಚೌಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಅವರ ಮದುವೆಯ ಫೋಟೋ. "ನಾಚಿಕೆ ಅಲ್ಲ ರೀ, ಭಯ. ದಿನಾ ಧೂಳು ಒರೆಸುವಾಗ ಒಂದ್ಸಲ ಇದನ್ನ ನೋಡೋದು, ಒಂದ್ಸಲ ನಿಮ್ಮನ್ನ ನೋಡೋದು. ನಾನು ಮದುವೆಯಾದ ಮುಖ ಎಲ್ಲೋ ಹೋಗ್ತಾ ಇದೆ ಅನ್ಸುತ್ತಿತ್ತು. ಯಾರಿಗೆ ಹೇಳಲಿ? ಹೇಳಿದರೆ ನಿಜ ಆಗಿಬಿಡುತ್ತೆ ಅಂತ ತೆಗೆದಿಟ್ಟೆ."

ಫೋಟೋದಲ್ಲಿದ್ದ ತೆಳುಮೂಗಿನ ತರುಣನನ್ನು ಭಾವ ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ನನಗೆ ಕೊಟ್ಟರು. "ಒಳಕೋಣೆ. ಹಳೇ ಚರ್ಮದ ತುಂಡಿನ ಕೆಳಗೆ ಒಂದು ಪೆಟ್ಟಿಗೆ ಇದೆ. ತಗೊಂಡು ಬಾ."

ಅಂಗಡಿ ಅಲ್ಲಿಂದ ಎರಡು ಬಸ್ ಸ್ಟಾಪಿನ ದೂರ. ಬೀಗ ತೆಗೆದಾಗ ಮುನ್ನೂರು ಜೊತೆ ಪಾದಗಳು ನನ್ನ ಕಡೆ ಮುಖ ಮಾಡಿ ನಿಂತಿದ್ದವು. ಪೆಟ್ಟಿಗೆಯಲ್ಲಿದ್ದ ಅಚ್ಚನ್ನು ಎತ್ತಿದೆ. ಒಳಗೆಲ್ಲೋ ಇಪ್ಪತ್ತಾರು ವರ್ಷದವನ ಸಪೂರ ಪಾದ ಇರಬೇಕು, ಆದರೆ ಕಾಣುವುದಿಲ್ಲ. ಬೆರಳ ಮೇಲೆ, ಬದಿಗೆ, ಹಿಮ್ಮಡಿಗೆ ಚರ್ಮದ ಮೇಲೆ ಚರ್ಮ, ಅದರ ಮೇಲೆ ಚರ್ಮ. ಒಂದೊಂದು ಪದರದ ಅಂಚಿನಲ್ಲೂ ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ ತಾರೀಖು, ತಿಂಗಳು, ವರ್ಷ. ಎಣಿಸಿದೆ. ಒಂಬತ್ತು.

ಒಂಬತ್ತು ಚಳಿಗಾಲ ಈ ಮನುಷ್ಯ ಒಳಕೋಣೆಯ ಬಾಗಿಲು ಹಾಕಿಕೊಂಡು ತನ್ನ ಕಾಲಿಗೆ ತಾನೇ ಅಳತೆಯ ಟೇಪು ಸುತ್ತಿ, ನೋಡಿದ್ದನ್ನು ಯಾರಿಗೂ ಹೇಳದೆ, ಇನ್ನೊಂದು ತೇಪೆ ಅಂಟಿಸಿದ್ದಾರೆ. ಜಗತ್ತಿಗೆಲ್ಲ ಸುಳ್ಳು ಹೇಳಿದರೂ ತಾರೀಖು ಹಾಕದೆ ಇರುವುದು ಮಾತ್ರ ಅವರಿಂದ ಆಗಲಿಲ್ಲ. ನಾನು ಅಲ್ಲೇ ಅವರ ಮೂರು ಕಾಲಿನ ಮಣೆಯ ಮೇಲೆ ಸ್ವಲ್ಪ ಹೊತ್ತು ಕೂತೆ.

ಡಾಕ್ಟರು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ಚೆನ್ನಾಗಿ ಇಟ್ಟ ಕೇಸ್ ಪೇಪರ್ ನಾನು ನೋಡಿಲ್ಲ," ಅಂದರು.

"ಮೊದಲನೇ ವರ್ಷ ಮರ ಒಣಗಿ ಅಚ್ಚು ಕುಗ್ಗಿದೆ ಅಂದುಕೊಂಡೆ," ಅಂದರು ಭಾವ. ಹೊಗಳಿಕೆ ಅವರಿಗೆ ಕೇಳಿಸಲೇ ಇಲ್ಲ. "ಎರಡನೇ ವರ್ಷ ಚರ್ಮದ ವ್ಯಾಪಾರಿ ಮೋಸ ಮಾಡ್ತಿದಾನೆ ಅಂತ ಜಗಳ ಆಡಿದೆ. ಮೂರನೇ ವರ್ಷ ಗೊತ್ತಾಯ್ತು. ಐವತ್ತು ವರ್ಷದವನ ಕಾಲು ಬೆಳೆಯುತ್ತೆ ಅಂತ ಯಾವ ಬಾಯಲ್ಲಿ ಹೇಳಲಿ ಡಾಕ್ಟ್ರೇ? ಬೂಟು ಹೊಲಿಯೋನು ನಾನು. ನನ್ನ ಕಾಲೇ ನನಗೆ ಸುಳ್ಳು ಹೇಳ್ತಿದೆ ಅನ್ನಿಸ್ತು."

"ಕಾಲು ನಿಜ ಹೇಳ್ತಿತ್ತು," ಅಂದರು ಡಾಕ್ಟರು.

ಆಮೇಲಿನ ದಿನಗಳು ಬೇಗ ಬೇಗ ಹೋದವು, ಗಂಟೆಗಳು ಮಾತ್ರ ಹೋಗಲಿಲ್ಲ. ಸಕ್ಕರೆ ನೀರು ಕುಡಿಸಿ ಅರ್ಧ ಗಂಟೆಗೊಮ್ಮೆ ರಕ್ತ ತೆಗೆದರು. ಎಲ್ಲರಲ್ಲೂ ಅದರಿಂದ ಬೆಳವಣಿಗೆಯ ಹಾರ್ಮೋನು ಇಳಿಯಬೇಕಂತೆ, ಭಾವನದು ಇಳಿಯಲಿಲ್ಲ. ಸ್ಕ್ಯಾನಿನಲ್ಲಿ ಬಟಾಣಿ ಇರಬೇಕಾದ ಕಡೆ ದ್ರಾಕ್ಷಿಯಿತ್ತು. ಮೂಗಿನ ಮೂಲಕ ತೆಗೆಯುತ್ತಾರೆ, ಅದು ಮೆದುಳಿನ ಸರ್ಜನ್‌ರ ಕೆಲಸ, ಅದಕ್ಕೆ ಮುಂಚೆ, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಅಂದರು ನಮ್ಮ ಡಾಕ್ಟರು. ಮೂಗಿನ ಮೂಲಕ ಅಂದಾಗ ಭಾವ ನನ್ನ ಕಡೆ ತಿರುಗಿ, "ನೋಡಿದೆಯಾ, ದೊಡ್ಡ ಮೂಗು ಸುಮ್ಮನೆ ಅಲ್ಲ, ದಾರಿ ಸಲೀಸು" ಅಂದರು. ನಾನು ನಗಲು ಹೋಗಿ ಕಾರಿಡಾರಿಗೆ ಓಡಿದೆ.

ಆಪರೇಷನ್ನಿನ ಬೆಳಗ್ಗೆ ಅವರನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಹೊದಿಕೆಯ ಆಚೆ ಎರಡು ದೊಡ್ಡ ಪಾದ ಹೊರಗೆ ಬಂದಿದ್ದವು. ಅಕ್ಕ ಹೊದಿಕೆ ಎಳೆದಳು, ಸಾಲಲಿಲ್ಲ. ಎರಡು ಕೈಯಿಂದ ಅವುಗಳನ್ನು ಹಿಡಿದುಕೊಂಡು ಬಾಗಿಲವರೆಗೂ ನಡೆದಳು. ಬಾಗಿಲು ಮುಚ್ಚಿದ ಮೇಲೆ ನಾಲ್ಕು ಗಂಟೆ ನಾವಿಬ್ಬರೂ ಹೊರಗೆ ಕಾದೆವು. ನಾನು ಗೋಡೆಯ ಮೇಲಿನ ಕೈ ತೊಳೆಯುವ ವಿಧಾನವನ್ನು ಅರವತ್ತು ಸಲ ಓದಿದೆ.

ಮೂರನೇ ದಿನ ಅವರನ್ನು ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿದ್ದರು. ಮೂಗಿಗೆ ಹತ್ತಿ. ಕಣ್ಣು ಹೇಗಿದೆ ಎಂದು ಕೇಳಲು ಯಾರಿಗೂ ಧೈರ್ಯವಿಲ್ಲ. ಹೇಳಲು ಅವರಿಗೂ ಧೈರ್ಯವಿಲ್ಲ. ಅಕ್ಕ ನೀರಿನ ಜಗ್ಗು ತುಂಬಿಕೊಂಡು ಸದ್ದಾಗದ ಹಾಗೆ ಬಂದು ಅವರ ಎಡಗಡೆ ಗೋಡೆಯ ಹತ್ತಿರ ನಿಂತಳು. ಭಾವ ತಲೆ ಅಲ್ಲಾಡಿಸಲಿಲ್ಲ. ಕಿಟಕಿ ನೋಡುತ್ತಲೇ ಇದ್ದರು.

"ಎಡಗಾಲಿನ ಚಪ್ಪಲಿಯ ಅಟ್ಟೆ ಒಂದು ಕಡೆ ಸವೆದಿದೆಯಲ್ಲೇ," ಅಂದರು, ಕಿಟಕಿಗೆ ಹೇಳಿದ ಹಾಗೆ. "ಎಷ್ಟು ದಿನದಿಂದ ಹೀಗೆ ಸೊಟ್ಟ ನಡೀತಿದೀಯ?"

ಜಗ್ಗು ಅಕ್ಕನ ಕೈಯಿಂದ ಜಾರಿತು. ಅವಳು ಒದ್ದೆ ನೆಲದ ಮೇಲೇ ಕೂತು ಅತ್ತಳು. ನಾನು ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಹೊರಗೆ ಹೋದೆ.

ಭಯ ಅಲ್ಲಿಗೆ ಮುಗಿಯಿತು ಅಂತ ಬರೆಯಲು ಆಸೆ, ಆದರೆ ಮುಗಿಯಲಿಲ್ಲ. ಮೂರು ತಿಂಗಳಾದ ಮೇಲಿನ ರಕ್ತಪರೀಕ್ಷೆಯಲ್ಲಿ ಹಾರ್ಮೋನು ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಡ್ಡೆಯ ಚೂರು ಎಲ್ಲೋ ಉಳಿದಿದೆ, ತಿಂಗಳಿಗೊಂದು ಇಂಜೆಕ್ಷನ್, ವರ್ಷವೆಲ್ಲ ಮೇಲೆ ಕಣ್ಣಿಟ್ಟಿರಬೇಕು ಅಂದರು ಡಾಕ್ಟರು. ಬೆಳೆದ ಮೂಳೆ ಹಿಂದೆ ಹೋಗುವುದಿಲ್ಲ, ಊತ ಸ್ವಲ್ಪ ಇಳಿಯಬಹುದು ಅಂತಲೂ ಅಂದರು. ಅಕ್ಕ ಮದುವೆಯ ಫೋಟೋವನ್ನು ಮತ್ತೆ ಗೋಡೆಗೆ ಹಾಕಿದ್ದಾಳೆ. ಭಾವ ಒಂದನೇ ನಂಬರನ್ನು ಹಲಗೆಯ ಮೇಲೆ ಮೊದಲಿನ ಜಾಗದಲ್ಲಿ ನಿಲ್ಲಿಸಿದ್ದಾರೆ. ಬ್ಯಾಂಕಿನ ನೂರ ನಲವತ್ತೆರಡು ಬಂದು, "ಇದು ಯಾರ ಕಾಲು, ಆನೆಯದೋ?" ಅಂತ ಕೇಳಿದರೆ, "ನನ್ನದು, ಇನ್ನೇನು?" ಅನ್ನುತ್ತಾರೆ.

ತಿಂಗಳ ಮೊದಲ ದಿನ ಅಂಗಡಿಯ ಬಾಗಿಲು ತೆರೆದೇ ಇರುತ್ತದೆ. ಭಾವ ಮಣೆಯ ಮೇಲೆ ಕೂತು ಬೂಟು ಬಿಚ್ಚಿ ಟೇಪನ್ನು ಅಕ್ಕನ ಕೈಗೆ ಕೊಡುತ್ತಾರೆ.

"ನೀವೇ ಅಳೀರಿ, ನಿಮಗೆ ತಾನೆ ಗೊತ್ತಿರೋದು," ಅಂದಿದ್ದಳು ಮೊದಲ ಸಲ.

"ಊರವರ ಕಾಲು ನಾನು ಅಳೀತೀನಿ. ನನ್ನ ಕಾಲಿನ ವಿಷಯದಲ್ಲಿ ನನ್ನ ಮಾತು ನಂಬಬೇಡ."

ಅಕ್ಕ ನೆಲದ ಮೇಲೆ ಕೂತು ಬೆರಳ ಬುಡದಲ್ಲಿ ಟೇಪು ಸುತ್ತುತ್ತಾಳೆ. ಭಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಾರೆ. ಮರಳಿ ಬಂದ ಕಣ್ಣನ್ನು ಹೀಗೆ ಮುಚ್ಚಿಕೊಳ್ಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

"ಎಷ್ಟು?" ಅನ್ನುತ್ತಾರೆ.

ಅಕ್ಕ ಬೇಕೆಂದೇ ಎರಡು ಸಲ ನೋಡುತ್ತಾಳೆ. ಪೆನ್ಸಿಲು ತೆಗೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ.

"ಹೋದ ತಿಂಗಳಷ್ಟೇ," ಅನ್ನುತ್ತಾಳೆ.

"ತಾರೀಖು ಹಾಕಿದೆಯಾ?"

"ಹಾಕಿದೀನಿ ರೀ."

ಆಮೇಲೆ ಕಣ್ಣು ತೆರೆಯುತ್ತಾರೆ.